ಪಶ್ಚಿಮ ಪದವೀಧರ ಕ್ಷೇತ್ರ: ಪಟ್ಟಿ ಮಾಡುವವರೇ ಗೆಲ್ಲುತ್ತಾರೆ, ನಿಮ್ಮ ಹೆಸರು ಸೇರಿಸಿದ್ರಾ?

ಹುಬ್ಬಳ್ಳಿ ಪದವೀಧರ

ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ. ಈ ನಾಲ್ಕು ಜಿಲ್ಲೆಯಲ್ಲಿ ಡಿಗ್ರಿ ಮುಗಿಸಿ ಇರುವವರೆಲ್ಲ ಇದನ್ನು ಸ್ವಲ್ಪ ಓದಿ. ವಿಧಾನ ಪರಿಷತ್ತಿನ ಪಶ್ಚಿಮ ಪದವೀಧರ ಕ್ಷೇತ್ರಕ್ಕೆ 2026ರಲ್ಲಿ ಚುನಾವಣೆ. ಕಳೆದ ಸಲ ಕೋವಿಡ್‌ನಿಂದಾಗಿ ಜೂನ್‌ನಲ್ಲಿ ಆಗಬೇಕಿದ್ದದ್ದು ಮುಂದಕ್ಕೆ ಹೋಗಿ 2020ರ ಅಕ್ಟೋಬರ್ 28ಕ್ಕೆ ನಡೆಯಿತು, ಹಾಗಾಗಿ ಆಗ ಗೆದ್ದ ಸದಸ್ಯರ ಅವಧಿ 2026ರ ನವೆಂಬರ್‌ಗೆ ಮುಗಿಯುತ್ತದೆ. ಇದರ ಜೊತೆಗೇ ಆಗ್ನೇಯ ಪದವೀಧರ, ಈಶಾನ್ಯ ಶಿಕ್ಷಕರ, ಬೆಂಗಳೂರು ಶಿಕ್ಷಕರ ಕ್ಷೇತ್ರಗಳಿಗೂ ಚುನಾವಣೆ ಇದೆ.

ಚುನಾವಣೆ ಇನ್ನೂ ದೂರ ಇದೆ, ಈಗಲೇ ಏನು ಅವಸರ ಅಂತ ಕೇಳಬೇಡಿ. ಅವಸರ ಇರುವುದು ಈಗಲೇ. ಎಂಎಲ್‌ಎ ಚುನಾವಣೆ ಥರ ಇದರ ಪಟ್ಟಿ ಹಳೆಯದೇ ಮುಂದುವರಿಯುವುದಿಲ್ಲ. ಪ್ರತಿ ಸಲ ಸೊನ್ನೆಯಿಂದ ಹೊಸ ಪಟ್ಟಿ ಮಾಡುತ್ತಾರೆ. 2020ರಲ್ಲಿ ಓಟು ಹಾಕಿದವರ ಹೆಸರೂ ಈ ಸಲ ತಾನಾಗಿ ಬರುವುದಿಲ್ಲ. ಫಾರಂ 18 ತುಂಬಿ ಮತ್ತೆ ಕೊಡಲೇಬೇಕು. 2025ರ ನವೆಂಬರ್ 6 ಕೊನೆ ದಿನ.

ನಾನು ಈ ಚರ್ಚೆ ಶುರು ಮಾಡಿದ್ದು ಬರೀ ಕೊನೆ ದಿನ ನೆನಪಿಸುವುದಕ್ಕಲ್ಲ. ಪಟ್ಟಿ ಹೊಸದಾಗಿ ಆಗುತ್ತದೆ ಅಂದರೆ ಯಾರಾದರೂ ಮನೆ ಮನೆಗೆ ಹೋಗಿ ಹೆಸರು ಸೇರಿಸಬೇಕು. ಸರ್ಕಾರದವರು ಪೇಪರಿನಲ್ಲಿ ಪ್ರಕಟಣೆ ಕೊಟ್ಟು ಕೂರುತ್ತಾರೆ. ಓಡಾಡುವುದು ಯಾರು? ಟಿಕೆಟ್ ಆಕಾಂಕ್ಷಿಗಳು ಮತ್ತು ಅವರ ಹುಡುಗರು. ಅವರು ತಮಗೆ ಓಟು ಹಾಕುತ್ತಾರೆ ಅನ್ನಿಸಿದವರ ಹೆಸರನ್ನೇ ಸೇರಿಸುತ್ತಾರೆ, ಅದರಲ್ಲಿ ಆಶ್ಚರ್ಯ ಇಲ್ಲ. ಅಲ್ಲಿಗೆ ಅಭ್ಯರ್ಥಿಯೇ ಮತದಾರರನ್ನು ಆರಿಸಿಕೊಂಡ ಹಾಗಾಯಿತು. ಆಮೇಲೆ ನಡೆಯುವ ಪ್ರಚಾರ, ಭಾಷಣ ಎಲ್ಲ ಆ ಪಟ್ಟಿಯ ಒಳಗಿನ ಆಟ. ಯಾರ ಕೈಗೂ ಕಾಯದೆ ನಾವೇ ಹೋಗಿ ಹೆಸರು ಸೇರಿಸಿಕೊಂಡರೆ ಮಾತ್ರ ಈ ಲೆಕ್ಕ ತಪ್ಪುತ್ತದೆ.

ಶಿರಸಿಯಿಂದ

ಅಣ್ಣಾ, ಮಾತು ಸರಿ ಇದೆ. ಆದರೆ ನನ್ನ ಪ್ರಶ್ನೆ ಬೇರೆ. ಈ ಪರಿಷತ್ತೇ ಯಾಕೆ ಬೇಕು? ಎಂಎಲ್‌ಎ ಚುನಾವಣೆಯಲ್ಲಿ ಸೋತವರಿಗೆ, ಟಿಕೆಟ್ ಸಿಗದವರಿಗೆ ಸಮಾಧಾನ ಮಾಡಲು ಇಟ್ಟಿರುವ ಮನೆ ಅದು. ತಮಿಳುನಾಡಿನವರು 1986ರಲ್ಲೇ ತೆಗೆದು ಹಾಕಿದರು. ಪಶ್ಚಿಮ ಬಂಗಾಳ 1969ರಲ್ಲಿ. ಈಗ ಇಡೀ ದೇಶದಲ್ಲಿ ಆರೇ ರಾಜ್ಯಗಳಲ್ಲಿ ಇದೆ. ಉಳಿದ ರಾಜ್ಯಗಳು ನಡೆಯುತ್ತಿಲ್ವಾ? ಡಿಗ್ರಿ ಇದ್ದವನಿಗೆ ಎರಡು ಓಟು, ಹೊಲದಲ್ಲಿ ದುಡಿಯುವ ನಮ್ಮ ಅಪ್ಪನಿಗೆ ಒಂದೇ ಓಟು. ಇದು ಯಾವ ನ್ಯಾಯ? 2020ರ ಡಿಸೆಂಬರ್ 15ರಂದು ಉಪ ಸಭಾಪತಿಯನ್ನು ಪೀಠದಿಂದ ಎಳೆದು ಇಳಿಸಿದ್ದನ್ನು ಟೀವಿಯಲ್ಲಿ ಎಲ್ಲರೂ ನೋಡಿದ್ದೇವೆ. ಹಿರಿಯರ ಮನೆ ಅಂತ ಕರೆಯುವುದು ಅದನ್ನೇ.

ಗದಗ ಮೇಷ್ಟ್ರು (ನಿವೃತ್ತ)

ಶಿರಸಿಯವರ ಸಿಟ್ಟು ನನಗೆ ಅರ್ಥವಾಗುತ್ತದೆ. ಡಿಗ್ರಿ ಇದ್ದವರಿಗೆ ಬೇರೆ ಕ್ಷೇತ್ರ ಯಾಕೆ ಅನ್ನುವ ಪ್ರಶ್ನೆ ಸಂವಿಧಾನ ಸಭೆಯ ಕಾಲಕ್ಕಿಂತ ಈಗ ಜಾಸ್ತಿ ನ್ಯಾಯವಾದದ್ದು. ಆಗ ಊರಿಗೊಬ್ಬ ಪದವೀಧರ ಸಿಗುವುದೂ ಕಷ್ಟ. ಈಗ ಮನೆಗೊಬ್ಬರು ಇದ್ದಾರೆ.

ಆದರೆ ತೆಗೆಯುವುದು ಅಷ್ಟು ಸುಲಭ ಅಲ್ಲ. ವಿಧಾನಸಭೆ ಮೂರನೇ ಎರಡರಷ್ಟು ಬಹುಮತದಿಂದ ನಿರ್ಣಯ ಮಾಡಬೇಕು, ಆಮೇಲೆ ಸಂಸತ್ತು ಕಾನೂನು ಮಾಡಬೇಕು. ಆಂಧ್ರದವರು 1985ರಲ್ಲಿ ತೆಗೆದರು, 2007ರಲ್ಲಿ ಮತ್ತೆ ತಂದರು, 2020ರ ಜನವರಿಯಲ್ಲಿ ತೆಗೆಯುತ್ತೇವೆ ಅಂತ ನಿರ್ಣಯ ಮಾಡಿದರು, ಮರುವರ್ಷ ಅದನ್ನೂ ವಾಪಸ್ ಪಡೆದರು. ನಮ್ಮಲ್ಲಿ ಮೈಸೂರು ಸಂಸ್ಥಾನದ ಕಾಲದಲ್ಲಿ, 1907ರಲ್ಲಿ ಶುರುವಾದ ಸಭೆ ಇದು. ಯಾವ ಪಕ್ಷ ಬಂದರೂ ಇದನ್ನು ಮುಚ್ಚುವ ಮಾತು ಗಟ್ಟಿಯಾಗಿ ಆಡಿಲ್ಲ.

ಇನ್ನು ಅದಕ್ಕೆ ಬೆಲೆಯೇ ಇಲ್ಲ ಅನ್ನುವುದು ಸರಿಯಲ್ಲ. ಎರಡು ಉದಾಹರಣೆ ಕೊಡುತ್ತೇನೆ, ಎರಡೂ ಕಡೆಯವು. 2021ರ ಡಿಸೆಂಬರ್‌ನಲ್ಲಿ ಆಗಿನ ಬಿಜೆಪಿ ಸರ್ಕಾರ ಮತಾಂತರ ತಡೆ ಮಸೂದೆಯನ್ನು ವಿಧಾನಸಭೆಯಲ್ಲಿ ಪಾಸು ಮಾಡಿತು. ಪರಿಷತ್ತಿನಲ್ಲಿ ಬಹುಮತ ಇರಲಿಲ್ಲ. ಅಲ್ಲಿ ಮಂಡಿಸಲೇ ಇಲ್ಲ, 2022ರ ಮೇನಲ್ಲಿ ಸುಗ್ರೀವಾಜ್ಞೆ ತಂದರು, ಪರಿಷತ್ತಿನಲ್ಲಿ ಪಾಸಾಗಿದ್ದು ಸೆಪ್ಟೆಂಬರ್‌ನಲ್ಲಿ. ಆಮೇಲೆ ಕಾಂಗ್ರೆಸ್ ಸರ್ಕಾರದ ಕಾಲ. 2024ರ ಫೆಬ್ರವರಿ 23ರಂದು ದೇವಸ್ಥಾನಗಳ ಆದಾಯದ ಬಗ್ಗೆ ಇದ್ದ ಮುಜರಾಯಿ ತಿದ್ದುಪಡಿ ಮಸೂದೆ ಇದೇ ಪರಿಷತ್ತಿನಲ್ಲಿ ಬಿದ್ದು ಹೋಯಿತು. ಕೆಲವೇ ದಿನಗಳಲ್ಲಿ ಮತ್ತೆ ತಂದು ಪಾಸು ಮಾಡಿಕೊಂಡರು, ನಿಜ. ಪರಿಷತ್ತು ಯಾವ ಮಸೂದೆಯನ್ನೂ ಕೊನೆತನಕ ತಡೆಯಲಾರದು. ಮೊದಲ ಸಲ ಮೂರು ತಿಂಗಳು, ಎರಡನೇ ಸಲ ಒಂದು ತಿಂಗಳು, ಅಷ್ಟೇ. ಹಣಕಾಸಿನ ಮಸೂದೆಯಾದರೆ ಹದಿನಾಲ್ಕು ದಿನ. ಆದರೂ ಆ ತಡೆಯ ಸಮಯದಲ್ಲಿ ಊರಲ್ಲಿ ಚರ್ಚೆ ಆಗುತ್ತದೆ. ಅದು ಸಣ್ಣ ವಿಷಯವಲ್ಲ.

ಹುಬ್ಬಳ್ಳಿ ಪದವೀಧರ

ಮೇಷ್ಟ್ರೇ, ಚೆನ್ನಾಗಿ ಹೇಳಿದ್ರಿ. ಶಿರಸಿಯವರಿಗೆ ನನ್ನ ಮಾತು ಇಷ್ಟೇ. ಪರಿಷತ್ತು ಬೇಡ ಅಂತ ನೀವು ನಂಬಿದ್ದರೂ ಹೆಸರು ಸೇರಿಸಿ. 75 ಸ್ಥಾನಗಳಲ್ಲಿ 25 ಎಂಎಲ್‌ಎಗಳು ಆರಿಸುತ್ತಾರೆ, 25 ಪಂಚಾಯಿತಿ, ನಗರಸಭೆ ಸದಸ್ಯರು ಆರಿಸುತ್ತಾರೆ, 11 ನಾಮಕರಣ. ಸಾಮಾನ್ಯ ಜನರ ಕೈಗೆ ನೇರವಾಗಿ ಸಿಗುವುದು ಪದವೀಧರರ 7, ಶಿಕ್ಷಕರ 7, ಒಟ್ಟು 14 ಮಾತ್ರ. ಆ 14ನ್ನೂ ನಾವು ಬೇರೆಯವರ ಕೈಗೆ ಕೊಟ್ಟು ಕೂತರೆ, ಸೋತವರ ಮನೆ ಅಂತ ಬೈಯುವುದರಲ್ಲಿ ಅರ್ಥ ಇಲ್ಲ. ಅಪ್ಪನ ಒಂದು ಓಟಿನ ಮಾತು ನನಗೂ ನೋವಾಗುತ್ತದೆ. ನಮ್ಮಪ್ಪನೂ ರೈತನೇ. ಆದರೆ ನಾವು ಹಾಕದೆ ಬಿಟ್ಟ ಎರಡನೇ ಓಟು ಅಪ್ಪನಿಗೆ ಹೋಗುವುದಿಲ್ಲ, ಪಟ್ಟಿ ಮಾಡಿದವನಿಗೆ ಹೋಗುತ್ತದೆ.

ಸಪ್ತಾಪುರ ಪಿಜಿ

ನಾನು ಧಾರವಾಡದಲ್ಲಿ ಓದುತ್ತಾ ಇದ್ದೇನೆ, ಕೆಎಎಸ್, ಪಿಎಸ್‌ಐ ಎರಡಕ್ಕೂ ತಯಾರಿ. ಊರು ವಿಜಯಪುರ ಜಿಲ್ಲೆ. ಇಲ್ಲಿ ನಮ್ಮ ಓಣಿಯಲ್ಲಿ ಒಂದೊಂದು ಪಿಜಿಯಲ್ಲೂ ಡಿಗ್ರಿ ಮುಗಿಸಿದವರೇ ತುಂಬಿದ್ದೇವೆ. ಯಾವ ಪಕ್ಷದವನೂ ಫಾರಂ ಹಿಡಿದು ನಮ್ಮ ಓಣಿಗೆ ಬಂದಿಲ್ಲ. ಈಗ ಯಾಕೆ ಅಂತ ಗೊತ್ತಾಯಿತು. ನಾವು ಯಾರಿಗೆ ಓಟು ಹಾಕುತ್ತೇವೆ ಅಂತ ಅವರಿಗೆ ಗೊತ್ತಿಲ್ಲ ಅಲ್ವಾ.

ಪದವೀಧರರ ಪ್ರತಿನಿಧಿ ಅನ್ನುವವರು ನಮ್ಮ ವಿಷಯ ಮಾತಾಡಿದ್ದನ್ನು ನಾನು ಜಾಸ್ತಿ ಕೇಳಿಲ್ಲ. 545 ಪಿಎಸ್‌ಐ ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಬರೆದೆವು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ಈ ನಡುವೆ ಎಷ್ಟೋ ಜನರ ವಯೋಮಿತಿ ಮುಗಿದು ಹೋಯಿತು. ಆಮೇಲೆ ಕೆಪಿಎಸ್‌ಸಿ. 2024ರ ಆಗಸ್ಟ್ 27ರ ಪ್ರಿಲಿಮ್ಸ್‌ನಲ್ಲಿ ಕನ್ನಡ ಪ್ರಶ್ನೆ ಓದಿ ಅರ್ಥ ಆಗದೆ ಇಂಗ್ಲಿಷ್ ನೋಡಿ ಉತ್ತರ ಬರೆಯಬೇಕಾದ ಪರಿಸ್ಥಿತಿ. ಗಲಾಟೆ ಆಗಿ ಡಿಸೆಂಬರ್ 29ಕ್ಕೆ ಮರುಪರೀಕ್ಷೆ ಇಟ್ಟರು, ಅದರಲ್ಲೂ ಅನುವಾದದ ತಪ್ಪು. ಕನ್ನಡದಲ್ಲಿ ಓದಿದ ಹಳ್ಳಿ ಹುಡುಗರಿಗೆ ಕನ್ನಡದ ರಾಜ್ಯದಲ್ಲೇ ಹೀಗೆ. ಒಳಮೀಸಲಾತಿ ತೀರ್ಮಾನ ಆಗುವವರೆಗೆ ಅಂತ ಹೊಸ ನೇಮಕಾತಿ ನಿಂತು ಎಷ್ಟು ತಿಂಗಳು ಕಾದೆವು. ಊರಲ್ಲಿ ಏನಪ್ಪಾ ಇನ್ನೂ ಓದ್ತಾನೇ ಇದ್ದೀಯಾ ಅಂತ ಕೇಳುತ್ತಾರೆ. ಪಿಜಿ ಬಾಡಿಗೆ, ಮೆಸ್ಸು, ಲೈಬ್ರರಿ ಫೀಸು, ಎಲ್ಲ ಅಪ್ಪ ಅವ್ವನ ದುಡ್ಡು.

ನನ್ನ ಪ್ರಶ್ನೆ: ಊರು ವಿಜಯಪುರ ಇದ್ದರೆ ಇಲ್ಲಿ ಸೇರಬಹುದಾ?

ಗದಗ ಮೇಷ್ಟ್ರು (ನಿವೃತ್ತ)

ತಮ್ಮಾ, ನೀನು ಬರೆದದ್ದು ಓದಿ ಸಂಕಟವಾಯಿತು.

ನಿಯಮ ಹೀಗಿದೆ. ಎಲ್ಲಿ ಡಿಗ್ರಿ ಮಾಡಿದೆ ಅನ್ನುವುದು ಮುಖ್ಯ ಅಲ್ಲ, ಯಾವ ವಿಶ್ವವಿದ್ಯಾಲಯ ಅನ್ನುವುದೂ ಅಲ್ಲ, ಭಾರತದ ಯಾವುದೇ ಮಾನ್ಯ ವಿಶ್ವವಿದ್ಯಾಲಯ ಆದರೆ ಸಾಕು. ಈಗ ಸಾಮಾನ್ಯವಾಗಿ ಎಲ್ಲಿ ವಾಸ ಇದ್ದೀಯಾ ಅನ್ನುವುದು ಮುಖ್ಯ. 2025ರ ನವೆಂಬರ್ 1ಕ್ಕೆ ಡಿಗ್ರಿ ಆಗಿ ಮೂರು ವರ್ಷ ತುಂಬಿರಬೇಕು, ಅಂದರೆ 2022ರ ನವೆಂಬರ್ 1ಕ್ಕೂ ಮೊದಲು ಪಾಸಾಗಿರಬೇಕು. ನಿಮ್ಮ ವಿಜಯಪುರ ವಾಯವ್ಯ ಕ್ಷೇತ್ರಕ್ಕೆ ಸೇರುತ್ತದೆ, ಅದಕ್ಕೆ 2022ರ ಜೂನ್‌ನಲ್ಲಿ ಚುನಾವಣೆ ಆಯಿತು, ಮುಂದಿನದು 2028ಕ್ಕೆ. ನೀನು ವರ್ಷಗಟ್ಟಲೆ ಧಾರವಾಡದಲ್ಲೇ ವಾಸ ಇದ್ದರೆ, ಆ ವಿಳಾಸಕ್ಕೆ ದಾಖಲೆ ತೋರಿಸುವ ಹಾಗಿದ್ದರೆ, ಅರ್ಜಿ ಹಾಕು. ಆದರೆ ಸುಮ್ನೆ ಓಟಿಗೋಸ್ಕರ ವಿಳಾಸ ಕೊಡುವುದು ಬೇಡ. ತಪ್ಪು ಘೋಷಣೆ ಕೊಟ್ಟರೆ ಅದು ಅಪರಾಧ.

ಹಾವೇರಿ ಅಕ್ಕ

ನಾನು ಬಿಎ ಮಾಡಿದ್ದು ಮದುವೆಗೆ ಮುಂಚೆ. ಸರ್ಟಿಫಿಕೇಟಿನಲ್ಲಿ ಅಪ್ಪನ ಹೆಸರು, ತವರಿನ ಅಡ್ಡಹೆಸರು. ಓಟರ್ ಕಾರ್ಡ್, ಆಧಾರ್ ಎರಡರಲ್ಲೂ ಗಂಡನ ಮನೆ ಹೆಸರು. ಮೊನ್ನೆ ತಾಲೂಕು ಕಚೇರಿಗೆ ಹೋದಾಗ ಅಲ್ಲಿ ಕೂತಿದ್ದವರು ಫಾರಂ ನೋಡಿ, ಇವರಿಬ್ಬರೂ ಒಬ್ಬರೇ ಅಂತ ಹೇಗೆ ಗೊತ್ತಾಗಬೇಕು ಅಂತ ಕೇಳಿದರು. ಅಫಿಡವಿಟ್ ಮಾಡಿಸಿ ಅಂದರು. ನೋಟರಿ ಹತ್ತಿರ ಹೋಗಿ ಮಾಡಿಸಿ ಕೊಟ್ಟೆ, ತೊಗೊಂಡರು. ನನಗೆ ಹತ್ತಿರದಲ್ಲೇ ಕೋರ್ಟು, ಕೈಯಲ್ಲಿ ಸ್ವಲ್ಪ ದುಡ್ಡು ಇತ್ತು. ನನ್ನ ಜೊತೆ ಬಂದಿದ್ದ ಇಬ್ಬರು ಹೆಣ್ಣುಮಕ್ಕಳು ಅಫಿಡವಿಟ್ ಮಾತು ಕೇಳಿದ ಕೂಡಲೇ ಬೇಡ ಬಿಡಕ್ಕಾ ಅಂತ ಬಸ್ ಹತ್ತಿದರು.

ಗಂಡಸರ ಸರ್ಟಿಫಿಕೇಟು ಮದುವೆ ಆದರೂ ಬದಲಾಗುವುದಿಲ್ಲ. ಹೆಂಗಸರಿಗೆ ಮಾತ್ರ ಈ ಕಾಟ. ಏಜೆಂಟ್‌ಗಳು ಮನೆಗೆ ಬಂದಾಗಲೂ ಹಾಗೆಯೇ, ನಮ್ಮ ಮನೆಯವರ ಮಾರ್ಕ್ಸ್ ಕಾರ್ಡ್ ಕೇಳಿದರು, ನಾನು ಬಾಗಿಲಲ್ಲೇ ನಿಂತಿದ್ದೆ, ನೀವು ಡಿಗ್ರಿ ಮಾಡಿದ್ದೀರಾ ಅಂತ ಒಬ್ಬರೂ ಕೇಳಲಿಲ್ಲ. ಮನೆಯಲ್ಲಿ ಅಡುಗೆ ಮಾಡಿಕೊಂಡಿರುವ ಪದವೀಧರರು ಎಷ್ಟು ಜನ ಇದ್ದೇವೆ ಅಂತ ಲೆಕ್ಕ ಹಾಕಿದರೆ ಗೊತ್ತಾಗುತ್ತದೆ, ಒಂದು ಕ್ಷೇತ್ರ ಗೆಲ್ಲಿಸುವಷ್ಟು ಇದ್ದೇವೆ. ದಯವಿಟ್ಟು ನಿಮ್ಮ ಮನೆಯ ಅಕ್ಕ, ತಂಗಿ, ಅತ್ತಿಗೆ, ಹೆಂಡತಿ ಎಲ್ಲರ ಫಾರಂ ತುಂಬಿಸಿ.

ಹುಬ್ಬಳ್ಳಿ ಪದವೀಧರ

ಅಕ್ಕಾ, ನೀವು ಬರೆದದ್ದನ್ನು ಎಲ್ಲ ಗುಂಪುಗಳಿಗೂ ಕಳಿಸುತ್ತಿದ್ದೇನೆ. ಹಾವೇರಿ, ರಾಣೆಬೆನ್ನೂರು, ಹಾನಗಲ್ ಕಡೆಯವರು ಅಫಿಡವಿಟ್ ಮೊದಲೇ ಮಾಡಿಸಿಕೊಂಡು ಹೋಗಿ, ಅಥವಾ ಮದುವೆ ನೋಂದಣಿ ಪ್ರಮಾಣಪತ್ರ ಇದ್ದರೆ ಅದರ ಝೆರಾಕ್ಸ್ ಇಟ್ಟುಕೊಳ್ಳಿ. ಒಂದೇ ಮನೆಯವರ ಅರ್ಜಿಗಳನ್ನು ಮನೆಯವರೊಬ್ಬರು ಒಟ್ಟಿಗೆ ಕೊಡಬಹುದು, ಅದಕ್ಕೆ ಅವಕಾಶ ಇದೆ. ಆದರೆ ಹೊರಗಿನವನೊಬ್ಬ ನೂರು ಫಾರಂ ಕಟ್ಟು ತಂದು ಕೊಟ್ಟರೆ ತೊಗೊಳ್ಳಬಾರದು ಅಂತ ಚುನಾವಣಾ ಆಯೋಗದ ನಿಯಮವೇ ಇದೆ. ನಿಯಮ ಏನೋ ಇದೆ.

ಗದಗ ಮೇಷ್ಟ್ರು (ನಿವೃತ್ತ)

ನಿಯಮದ ಮಾತು ಬಂತು, ಒಳಗಿನದು ಹೇಳುತ್ತೇನೆ. ಇಷ್ಟು ವರ್ಷ ಕಾಲೇಜಿನಲ್ಲಿ ಇದ್ದು ನೋಡಿದ್ದು. ಸಂಸ್ಥೆಯ ಮುಖ್ಯಸ್ಥರು ತಮ್ಮ ನೌಕರರ ಅರ್ಜಿಗಳನ್ನು ಒಟ್ಟಿಗೆ ಕಳಿಸಬಹುದು, ಅದು ಕಾನೂನುಬದ್ಧ. ದೊಡ್ಡ ಶಿಕ್ಷಣ ಸಂಸ್ಥೆ, ಸಹಕಾರಿ ಬ್ಯಾಂಕು, ಕಾರ್ಖಾನೆ ಯಾರ ಹಿಡಿತದಲ್ಲಿದೆಯೋ ಅವರಿಗೆ ಆ ಒಂದು ದಾರಿಯಲ್ಲೇ ಸಾವಿರ ಹೆಸರು ಸೇರುತ್ತವೆ. ಸ್ಟಾಫ್ ರೂಮಿನಲ್ಲಿ ಫಾರಂ ಹಂಚುವವರು ಬರುತ್ತಾರೆ, ಪ್ರಿನ್ಸಿಪಾಲರು ಹಿಂದೆ ನಿಂತಿರುತ್ತಾರೆ, ತುಂಬಿ ಕೊಡದೆ ಇರಲು ಯಾರಿಗೆ ಧೈರ್ಯ? ನಾನು ಕೆಲಸ ಮಾಡಿದ ಕಡೆ ಒಂದು ಸಲ ಫಾರಂ ಜೊತೆ ಅಸಲು ಸರ್ಟಿಫಿಕೇಟನ್ನೂ ಕೇಳಿ ಇಟ್ಟುಕೊಂಡಿದ್ದರು, ವಾಪಸ್ ಪಡೆಯಲು ತಿಂಗಳುಗಟ್ಟಲೆ ಓಡಾಡಿದವರಿದ್ದಾರೆ. ಅಸಲು ಯಾರ ಕೈಗೂ ಕೊಟ್ಟು ಬರಬೇಡಿ. ಅಧಿಕಾರಿಯ ಎದುರು ತೋರಿಸಿ, ಪ್ರತಿಯ ಮೇಲೆ ಸಹಿ ಹಾಕಿಸಿ, ಅಸಲು ಜೇಬಿಗೆ ಹಾಕಿಕೊಂಡು ಬನ್ನಿ. ಗೆಜೆಟೆಡ್ ಅಧಿಕಾರಿ ಅಥವಾ ನೋಟರಿ ದೃಢೀಕರಿಸಿದ ಪ್ರತಿಯೂ ನಡೆಯುತ್ತದೆ.

ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಪದವೀಧರ ಕ್ಷೇತ್ರದಿಂದ ನಿಲ್ಲುವವನು ಪದವೀಧರನೇ ಆಗಿರಬೇಕು ಅಂತ ಇಲ್ಲ. ತಮಿಳುನಾಡಿನ ಒಂದು ಪ್ರಕರಣದಲ್ಲಿ 1972ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿದೆ. ಮೂವತ್ತು ವರ್ಷ ಆಗಿರಬೇಕು, ರಾಜ್ಯದ ಯಾವುದಾದರೂ ವಿಧಾನಸಭಾ ಕ್ಷೇತ್ರದ ಮತದಾರನಾಗಿರಬೇಕು. ಓಟು ಹಾಕಲು ಡಿಗ್ರಿ ಬೇಕು, ಗೆಲ್ಲಲು ಬೇಡ. ಹಾಗಾಗಿ ಅಭ್ಯರ್ಥಿಯ ಓದು, ಕೆಲಸ ಎರಡನ್ನೂ ನಾವೇ ಕೇಳಿ ತಿಳಿದುಕೊಳ್ಳಬೇಕು.

ಪಟ್ಟಿ ಮಾಡುವವರೇ ಗೆಲ್ಲುತ್ತಾರೆ ಅನ್ನುವ ಮಾತನ್ನು ಮಾತ್ರ ನಾನು ಪೂರ್ತಿ ಒಪ್ಪುವುದಿಲ್ಲ. ಇದೇ ಪಶ್ಚಿಮ ಪದವೀಧರ ಕ್ಷೇತ್ರದಲ್ಲಿ ಎಚ್.ಕೆ. ಪಾಟೀಲರು 1984ರಿಂದ ಗೆಲ್ಲುತ್ತಾ ಬಂದವರು. 2008ರಲ್ಲಿ ಅವರು ಮೋಹನ ಲಿಂಬಿಕಾಯಿ ಎದುರು ಸೋತರು. ಆ ಪಟ್ಟಿಯಲ್ಲಿ ಪಾಟೀಲರ ಕಡೆಯವರು ಕಡಿಮೆ ಇದ್ದರು ಅಂತ ನನಗೆ ಅನ್ನಿಸುವುದಿಲ್ಲ. ಮತಗಟ್ಟೆ ಒಳಗೆ ಹೋದ ಮೇಲೆ ಮನುಷ್ಯ ತನ್ನ ಮನಸ್ಸಿನಂತೆ ಬರೆಯುತ್ತಾನೆ.

ಹುಬ್ಬಳ್ಳಿ ಪದವೀಧರ

2008ರ ಮಾತು ಸರಿ ಮೇಷ್ಟ್ರೇ. ಆದರೆ ಆಗಲೂ ಪೈಪೋಟಿ ಇದ್ದದ್ದು ಎರಡು ದೊಡ್ಡ ಪಕ್ಷಗಳ ನಡುವೆ, ಎರಡೂ ಕಡೆ ಪಟ್ಟಿ ಮಾಡುವ ಶಕ್ತಿ ಇತ್ತು. ನಾನು ಕೇಳುತ್ತಿರುವುದು ಯಾರ ಕಡೆಯವರೂ ಅಲ್ಲದವರು ಪಟ್ಟಿಯಲ್ಲಿ ಎಲ್ಲಿದ್ದಾರೆ ಅಂತ. ಸಪ್ತಾಪುರದ ತಮ್ಮ, ಹಾವೇರಿ ಅಕ್ಕ, ಇಂಥವರು ಜಾಸ್ತಿ ಇದ್ದರೆ ಅಭ್ಯರ್ಥಿ ನೇಮಕಾತಿ ಬಗ್ಗೆ, ಅತಿಥಿ ಉಪನ್ಯಾಸಕರ ಬಗ್ಗೆ ಮಾತಾಡಲೇಬೇಕಾಗುತ್ತದೆ. ಅವರು ಇಲ್ಲದಿದ್ದರೆ ಪಾಕೀಟು ಹಂಚಿದರೆ ಸಾಕು.

ಎಣಿಕೆ ಟೇಬಲ್

ನಾನು ಸರ್ಕಾರಿ ನೌಕರ, ಯಾವ ಪಕ್ಷದ ಪರವೂ ಮಾತಾಡುವುದಿಲ್ಲ. ಹಿಂದೊಮ್ಮೆ ಪರಿಷತ್ ಚುನಾವಣೆಯ ಎಣಿಕೆಗೆ ಹಾಕಿದ್ದರು. ಅಲ್ಲಿ ನೋಡಿದ್ದನ್ನು ಹೇಳದಿದ್ದರೆ ಆಗುವುದಿಲ್ಲ.

ಇಲ್ಲಿ ಇವಿಎಂ ಇಲ್ಲ, ಕಾಗದದ ಮತಪತ್ರ. ಪಕ್ಷದ ಚಿಹ್ನೆಯೂ ಇರುವುದಿಲ್ಲ, ಅಭ್ಯರ್ಥಿಯ ಹೆಸರು, ಫೋಟೋ ಇರುತ್ತದೆ. ಮತಗಟ್ಟೆಯಲ್ಲಿ ನೇರಳೆ ಬಣ್ಣದ ಸ್ಕೆಚ್ ಪೆನ್ ಕೊಡುತ್ತಾರೆ. ಅದರಲ್ಲೇ ಬರೆಯಬೇಕು. ನಿಮಗೆ ಮೊದಲು ಬೇಕಾದವರ ಎದುರು 1 ಅಂತ ಅಂಕಿ. ಎರಡನೆಯವರಿಗೆ 2, ಹೀಗೆ ಎಷ್ಟು ಬೇಕೋ ಅಷ್ಟು. ಕನ್ನಡ ಅಂಕಿ ೧, ೨ ಬರೆದರೂ ನಡೆಯುತ್ತದೆ, ರೋಮನ್ ಅಂಕಿಯೂ ನಡೆಯುತ್ತದೆ. ಆದರೆ ‘ಒಂದು’ ಅಂತ ಅಕ್ಷರದಲ್ಲಿ ಬರೆಯಬಾರದು.

ಡಿಗ್ರಿ ಓದಿದವರ ಕ್ಷೇತ್ರದಲ್ಲಿ ಸಾವಿರಗಟ್ಟಲೆ ಓಟು ತಿರಸ್ಕಾರ ಆಗುತ್ತವೆ ಅಂದರೆ ನಂಬುತ್ತೀರಾ? ಆಗುತ್ತವೆ. ನನ್ನ ಟೇಬಲ್ಲಿಗೇ ಬಂದ ಮತಪತ್ರಗಳಲ್ಲಿ ಕೆಲವಕ್ಕೆ ಟಿಕ್ ಹಾಕಿದ್ದರು. ಕೆಲವರು ಜೇಬಿನ ನೀಲಿ ಪೆನ್ನಿನಲ್ಲಿ ಬರೆದಿದ್ದರು. ಇಬ್ಬರ ಎದುರೂ 1 ಹಾಕಿದವರು ಇದ್ದರು. 2, 3 ಬರೆದು 1 ಬರೆಯುವುದನ್ನೇ ಬಿಟ್ಟವರು ಇದ್ದರು. ಒಬ್ಬರು ಚೆನ್ನಾಗಿ 1 ಬರೆದು, ಕೆಳಗೆ ದುಂಡಗಿನ ಅಕ್ಷರದಲ್ಲಿ ‘ಸರ್, ನಮಗೆ ಕೆಲಸ ಕೊಡಿಸಿ’ ಅಂತ ಬರೆದಿದ್ದರು. ಅದೂ ತಿರಸ್ಕೃತ. ಅಂಕಿ ಬಿಟ್ಟು ಬೇರೆ ಏನು ಬರೆದರೂ, ಸಹಿ ಹಾಕಿದರೂ, ಮತದಾರ ಯಾರು ಅಂತ ಗುರುತು ಸಿಗಬಹುದು ಅಂತ ತೆಗೆದು ಹಾಕುತ್ತಾರೆ. ಆ ಮತಪತ್ರ ಕೈಯಲ್ಲಿ ಹಿಡಿದಾಗ ನನಗಾದ ಸಂಕಟ ಇವತ್ತಿಗೂ ಮರೆತಿಲ್ಲ.

ಸಪ್ತಾಪುರ ಪಿಜಿ

ಸರ್, 2, 3 ಬರೆಯುವುದು ಕಡ್ಡಾಯವಾ? ನಮ್ಮ ಸೀನಿಯರ್ ಒಬ್ಬರು, 2 ಬರೆದರೆ ನಮ್ಮ 1ರ ಬೆಲೆ ಕಡಿಮೆಯಾಗುತ್ತದೆ ಅಂತ ಹೇಳುತ್ತಿದ್ದರು.

ಎಣಿಕೆ ಟೇಬಲ್

ಕಡ್ಡಾಯ ಅಲ್ಲ. ಆದರೆ ಬೆಲೆ ಕಡಿಮೆಯಾಗುತ್ತದೆ ಅನ್ನುವುದು ಶುದ್ಧ ತಪ್ಪು. ಪ್ರಚಾರದವರೇ ಈ ಮಾತು ಹಬ್ಬಿಸುತ್ತಾರೆ, ಬರೀ ಒಂದು ಹಾಕಿ ಬನ್ನಿ ಅಂತ ಹೇಳಿ ಕಳಿಸುತ್ತಾರೆ.

ಎಣಿಕೆ ಹೇಗೆ ನಡೆಯುತ್ತದೆ ಕೇಳಿ. ಎಲ್ಲ ಪೆಟ್ಟಿಗೆಯ ಮತಪತ್ರ ಬೆರೆಸಿ, 25ರ ಕಟ್ಟು ಕಟ್ಟುತ್ತಾರೆ. ತಿರಸ್ಕೃತ ತೆಗೆದ ಮೇಲೆ ಉಳಿದ ಮತದ ಅರ್ಧಕ್ಕೆ ಒಂದು ಸೇರಿಸಿದರೆ ಅದು ಗೆಲ್ಲುವ ಕೋಟಾ. ಸುಮ್ನೆ ಲೆಕ್ಕಕ್ಕೆ ಅಂತ 60,000 ಮತ ಸಿಂಧು ಅಂದುಕೊಳ್ಳಿ, ಕೋಟಾ 30,001. ಮೊದಲ ಪ್ರಾಶಸ್ತ್ಯದಲ್ಲೇ, ಅಂದರೆ 1 ಬಿದ್ದ ಮತಗಳಲ್ಲೇ ಯಾರಾದರೂ ಅಷ್ಟು ಮುಟ್ಟಿದರೆ ಅಲ್ಲಿಗೆ ಮುಗಿಯಿತು. ಮುಟ್ಟದಿದ್ದರೆ ಎಲ್ಲರಿಗಿಂತ ಕಡಿಮೆ ಬಂದವರನ್ನು ತೆಗೆದು, ಅವರ ಮತಪತ್ರದಲ್ಲಿ 2 ಯಾರಿಗಿದೆ ನೋಡಿ ಅವರಿಗೆ ಸೇರಿಸುತ್ತಾರೆ. ಆಮೇಲೆ ಇನ್ನೊಬ್ಬರು. ಹೀಗೆ ಒಬ್ಬೊಬ್ಬರನ್ನೇ ತೆಗೆಯುತ್ತಾ ಹೋಗುವಾಗ ರಾತ್ರಿ ಕಳೆದು ಬೆಳಗಾಗುತ್ತದೆ. ನಿಮ್ಮ 1 ಇರುವವರು ಕಣದಲ್ಲಿ ಇರುವ ತನಕ ನಿಮ್ಮ 2ನ್ನು ಯಾರೂ ಮುಟ್ಟುವುದೇ ಇಲ್ಲ. ಅವರು ಹೊರಗೆ ಹೋದ ಮೇಲೆ ಮಾತ್ರ ನೋಡುತ್ತಾರೆ. 2 ಬರೆಯದಿದ್ದರೆ ನಿಮ್ಮ ಮತಪತ್ರವನ್ನು ಅಲ್ಲೇ ಪಕ್ಕಕ್ಕೆ ಇಡುತ್ತಾರೆ, ಮುಂದಿನ ಲೆಕ್ಕದಲ್ಲಿ ನೀವು ಇಲ್ಲ.

ಪಕ್ಷೇತರರನ್ನು ಇಷ್ಟಪಡುವವರಿಗೆ ಇದೇ ಇಲ್ಲಿರುವ ಅನುಕೂಲ. ಗೆಲ್ಲುವುದು ಕಷ್ಟ ಅಂತ ಗೊತ್ತಿದ್ದರೂ ಮನಸ್ಸಿಗೆ ಒಪ್ಪಿದ ಪಕ್ಷೇತರನಿಗೆ 1 ಹಾಕಿ, ದೊಡ್ಡವರಲ್ಲಿ ಯಾರು ಪರವಾಗಿಲ್ಲವೋ ಅವರಿಗೆ 2 ಹಾಕಿ. ಓಟು ವ್ಯರ್ಥ ಆಗುವುದಿಲ್ಲ. ಎಂಎಲ್‌ಎ ಚುನಾವಣೆಯಲ್ಲಿ ಈ ಸೌಲಭ್ಯ ನಮಗಿಲ್ಲ.

ಶಿರಸಿಯಿಂದ

ಇದು ನನಗೆ ಗೊತ್ತಿರಲಿಲ್ಲ. ಪರಿಷತ್ತು ಬೇಡ ಅನ್ನುವ ನನ್ನ ಅಭಿಪ್ರಾಯ ಹಾಗೇ ಇದೆ, ಅದನ್ನು ಬಿಡುವುದಿಲ್ಲ. ಆದರೆ ಈ ಓಟು ಹಾಕುವ ರೀತಿ ಚೆನ್ನಾಗಿದೆ. ನಮ್ಮ ಕಡೆ ಪರಿಸರ, ಅರಣ್ಯ ಅತಿಕ್ರಮಣ, ಆಸ್ಪತ್ರೆ ಅಂತ ಹೋರಾಟ ಮಾಡುವವರು ಒಬ್ಬರು ನಿಂತರೆ 1 ಅವರಿಗೆ ಕೊಡಬಹುದು. ಉತ್ತರ ಕನ್ನಡಕ್ಕೆ ಒಂದು ಸುಸಜ್ಜಿತ ಮಲ್ಟಿಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ವರ್ಷಗಳಿಂದ ಕೇಳುತ್ತಿದ್ದೇವೆ. ಅಪಘಾತ ಆದರೆ ಇವತ್ತಿಗೂ ಹುಬ್ಬಳ್ಳಿಗೋ ಮಂಗಳೂರಿಗೋ ಓಡಬೇಕು. ಪ್ರಚಾರಕ್ಕೆ ಬರುವ ಅಭ್ಯರ್ಥಿಗಳು ಧಾರವಾಡ, ಹುಬ್ಬಳ್ಳಿ ಬಿಟ್ಟು ಘಟ್ಟ ಇಳಿಯುವುದೇ ಅಪರೂಪ, ಯಾಕೆಂದರೆ ನಮ್ಮ ಕಡೆಯ ಹೆಸರುಗಳು ಪಟ್ಟಿಯಲ್ಲಿ ಕಡಿಮೆ. ಆ ಮಟ್ಟಿಗೆ ಹುಬ್ಬಳ್ಳಿ ಅಣ್ಣನ ಮಾತು ಒಪ್ಪುತ್ತೇನೆ. ನಾಳೆ ತಹಶೀಲ್ದಾರ್ ಕಚೇರಿಗೆ ಹೋಗುತ್ತೇನೆ, ತಂಗಿಯನ್ನೂ ಕರೆದುಕೊಂಡು.

ಜೋಯಿಡಾ ದಾರಿ

ಶಿರಸಿಯವರಾದರೂ ಪೇಟೆಯಲ್ಲಿದ್ದೀರಿ. ನಮ್ಮ ತಾಲೂಕಿನ ಕಥೆ ಕೇಳಿ. ಈ ಚುನಾವಣೆಗೆ ಮತಗಟ್ಟೆ ಹಳ್ಳಿ ಹಳ್ಳಿಯಲ್ಲಿ ಇರುವುದಿಲ್ಲ, ಬಹುತೇಕ ತಾಲೂಕು ಕೇಂದ್ರದಲ್ಲೇ. ಕ್ಯಾಸಲ್‌ರಾಕ್ ಕಡೆಯವರು ಜೋಯಿಡಾಕ್ಕೆ ಬರಬೇಕು ಅಂದರೆ ಕಾಡಿನ ದಾರಿ, ದಿನಕ್ಕೆ ಬೆರಳೆಣಿಕೆ ಬಸ್ಸು. ಫಾರಂ ಕೊಡಲು ಒಂದು ಸಲ, ಏನಾದರೂ ದಾಖಲೆ ಕಡಿಮೆ ಇದ್ದರೆ ಇನ್ನೊಂದು ಸಲ, ಓಟಿಗೆ ಮತ್ತೊಂದು ಸಲ. ಕೂಲಿ ಬಿಟ್ಟು ಮೂರು ದಿನ ಯಾರು ಬರುತ್ತಾರೆ? ಸರ್ಕಾರಿ ನೌಕರರಿಗೆ ಮತದಾನದ ದಿನ ವಿಶೇಷ ಸಾಂದರ್ಭಿಕ ರಜೆ ಸಿಗುತ್ತದೆ. ಡಿಗ್ರಿ ಮಾಡಿ ಅಡಿಕೆ ತೋಟದಲ್ಲಿ, ರೆಸಾರ್ಟಿನಲ್ಲಿ ಕೆಲಸ ಮಾಡುವ ನಮ್ಮ ಹುಡುಗರಿಗೆ ಯಾರು ರಜೆ ಕೊಡುತ್ತಾರೆ?

ಪದವೀಧರರು ಓಟು ಹಾಕಲು ಸೋಮಾರಿಗಳು ಅಂತ ಪೇಪರಿನಲ್ಲಿ ಬರೆಯುವವರು ಒಂದು ಸಲ ಈ ದಾರಿಯಲ್ಲಿ ಬಂದು ನೋಡಲಿ.

ಹುಬ್ಬಳ್ಳಿ ಪದವೀಧರ

ಇದು ಬಹಳ ಮುಖ್ಯವಾದ ಮಾತು. ಹೋಬಳಿ ಮಟ್ಟದಲ್ಲಿ ಮತಗಟ್ಟೆ ಬೇಕು ಅಂತ ಈಗಲೇ ಮನವಿ ಕೊಡೋಣ. ಈ ಕ್ಷೇತ್ರಕ್ಕೆ ಮತದಾರರ ನೋಂದಣಾಧಿಕಾರಿ ಬೆಳಗಾವಿಯ ಪ್ರಾದೇಶಿಕ ಆಯುಕ್ತರು. ಅವರಿಗೆ ಒಂದು ಪ್ರತಿ, ಕಾರವಾರದ ಜಿಲ್ಲಾಧಿಕಾರಿಗೆ ಒಂದು ಪ್ರತಿ. ಜೋಯಿಡಾ ತಾಲೂಕಿನ ರಾಮನಗರ, ಕ್ಯಾಸಲ್‌ರಾಕ್ ಕಡೆಯ ಪದವೀಧರರು ಎಷ್ಟು ಜನ ಅಂತ ಹೆಸರು ಸಮೇತ ಬರೆದು ಕೊಟ್ಟರೆ ಅದಕ್ಕೆ ತೂಕ ಬರುತ್ತದೆ. ಪಟ್ಟಿಯಲ್ಲಿ ಜನವೇ ಇಲ್ಲದಿದ್ದರೆ ಮತಗಟ್ಟೆ ಯಾಕೆ ಅಂತ ಅವರು ಕೇಳುತ್ತಾರೆ, ಅದಕ್ಕೇ ಮೊದಲು ಫಾರಂ.

ಪಿಯು ಲೆಕ್ಚರರ್

ನಡುವೆ ಒಂದು ಸಂಶಯ. ನಾನು ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕಿದ್ದೇನೆ, 2022ರಲ್ಲಿ. ಪದವೀಧರ ಕ್ಷೇತ್ರದಲ್ಲೂ ಸೇರಬಹುದಾ?

ಗದಗ ಮೇಷ್ಟ್ರು (ನಿವೃತ್ತ)

ಖಂಡಿತ ಸೇರಬಹುದು, ಎರಡೂ ಬೇರೆ ಬೇರೆ. ನಮ್ಮ ಪಶ್ಚಿಮ ಶಿಕ್ಷಕರ ಕ್ಷೇತ್ರದಲ್ಲಿ 2022ರಲ್ಲಿ ಬಸವರಾಜ ಹೊರಟ್ಟಿಯವರು ಎಂಟನೇ ಸಲ ಗೆದ್ದದ್ದು ನಿಮಗೆ ಗೊತ್ತೇ ಇದೆ, 1980ರಿಂದ ಅವರೇ. ಆ ಕ್ಷೇತ್ರಕ್ಕೆ ಮುಂದಿನದು 2028ಕ್ಕೆ. ಅದಕ್ಕೆ ಫಾರಂ 19, ಇದಕ್ಕೆ ಫಾರಂ 18. ಶಿಕ್ಷಕರ ಕ್ಷೇತ್ರದಲ್ಲಿ ಹೈಸ್ಕೂಲು ಮತ್ತು ಅದಕ್ಕಿಂತ ಮೇಲೆ ಕಲಿಸುವವರಿಗೆ ಮಾತ್ರ ಓಟು, ಆರು ವರ್ಷದಲ್ಲಿ ಮೂರು ವರ್ಷ ಕಲಿಸಿರಬೇಕು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಅಲ್ಲಿ ಓಟೇ ಇಲ್ಲ. ಅಕ್ಷರ ತಿದ್ದಿಸುವವರನ್ನೇ ಹೊರಗಿಟ್ಟ ಶಿಕ್ಷಕರ ಕ್ಷೇತ್ರ, ನನಗೆ ಇದು ಯಾವತ್ತೂ ಸರಿ ಕಂಡಿಲ್ಲ. ಆದರೆ ಆ ಪ್ರಾಥಮಿಕ ಶಿಕ್ಷಕರಲ್ಲಿ ಬಿಎ, ಬಿಎಸ್ಸಿ ಮಾಡಿದವರು ತುಂಬಾ ಇದ್ದಾರೆ. ಅವರಿಗೆ ಇರುವುದು ಈ ಪದವೀಧರ ಕ್ಷೇತ್ರ ಒಂದೇ. ನಿಮ್ಮ ಪಕ್ಕದ ಶಾಲೆಯವರಿಗೂ ಹೇಳಿ.

ಸಪ್ತಾಪುರ ಪಿಜಿ

ಇವತ್ತು ನಮ್ಮ ಪಿಜಿಯಲ್ಲಿ ಊಟದ ಹೊತ್ತಿಗೆ ಈ ವಿಷಯ ತೆಗೆದೆ. ಅರ್ಧ ಜನ, ಯಾರು ಗೆದ್ದರೂ ನೋಟಿಫಿಕೇಷನ್ ಬರಲ್ಲ ಬಿಡು ಅಂದರು. ಅವರ ಬೇಜಾರು ನನಗೂ ಇದೆ. ಆದರೂ ಸಾಕಷ್ಟು ಜನ ಫಾರಂ ತೊಗೊಂಡರು. ಸುಮಾರು ಜನರ ಅಸಲು ಮಾರ್ಕ್ಸ್ ಕಾರ್ಡ್ ಊರಲ್ಲಿದೆ, ದೀಪಾವಳಿಗೆ ಹೋದಾಗ ತರುತ್ತಾರೆ. ಕಾನ್ವೊಕೇಷನ್ ಸರ್ಟಿಫಿಕೇಟ್ ಇನ್ನೂ ತೊಗೊಂಡಿಲ್ಲದವರೂ ಇದ್ದಾರೆ. ಕೊನೆಯ ವರ್ಷದ ಅಂಕಪಟ್ಟಿ ಸಾಕಾಗುತ್ತದಾ?

ಎಣಿಕೆ ಟೇಬಲ್

ಸಾಕು. ಪದವಿ ಪ್ರಮಾಣಪತ್ರ ಅಥವಾ ಅಂಕಪಟ್ಟಿ, ದೃಢೀಕರಿಸಿದ ಪ್ರತಿ. ಅರ್ಜಿ ಕೊಟ್ಟ ಮೇಲೆ ಸ್ವೀಕೃತಿ ಚೀಟಿ ಕೇಳಿ ಪಡೆಯಿರಿ, ಅದನ್ನು ಫೋಟೋ ಹೊಡೆದು ಇಟ್ಟುಕೊಳ್ಳಿ. ನವೆಂಬರ್ ಕೊನೆಗೆ ಕರಡು ಪಟ್ಟಿ ಬರುತ್ತದೆ, ಆಗ ಹೆಸರು ಇದೆಯಾ ನೋಡಿ. ಇಲ್ಲದಿದ್ದರೆ ಆಕ್ಷೇಪಣೆ ಕೊಡಲು ಅವಕಾಶ ಇದೆ, ಆ ಹೊತ್ತಿಗೆ ಚೀಟಿ ಇದ್ದವರ ಮಾತೇ ನಡೆಯುವುದು. ಅಂತಿಮ ಪಟ್ಟಿ 2025ರ ಡಿಸೆಂಬರ್ 30ಕ್ಕೆ. ಅದಾದ ಮೇಲೂ ಚುನಾವಣೆ ಘೋಷಣೆ ಹೊತ್ತಿನ ತನಕ ಸೇರಲು ದಾರಿ ಇರುತ್ತದೆ, ಆದರೆ ಅದನ್ನು ನಂಬಿಕೊಂಡು ಈಗ ಬಿಡಬೇಡಿ.

ಹಾವೇರಿ ಅಕ್ಕ

ಬಸ್ ಹತ್ತಿ ಹೋಗಿದ್ದ ಇಬ್ಬರಿಗೂ ಫೋನ್ ಮಾಡಿದೆ. ಒಬ್ಬರು ಬರುತ್ತೇನೆ ಅಂದರು, ಇನ್ನೊಬ್ಬರ ಮನೆಯಲ್ಲಿ ಇನ್ನೂ ಒಪ್ಪಿಲ್ಲ, ಮತ್ತೆ ಮಾತಾಡುತ್ತೇನೆ. ನಮಗೆ ಗೊತ್ತಿರುವ ವಕೀಲರೊಬ್ಬರು ಹೆಣ್ಣುಮಕ್ಕಳ ಅಫಿಡವಿಟ್‌ಗೆ ಸ್ಟ್ಯಾಂಪ್ ಪೇಪರಿನ ದುಡ್ಡು ಮಾತ್ರ ತೊಗೊಳ್ಳುತ್ತೇನೆ ಅಂತ ಹೇಳಿದ್ದಾರೆ. ಹಾವೇರಿ ತಾಲೂಕಿನವರು ಯಾರಾದರೂ ಬೇಕಿದ್ದರೆ ಇಲ್ಲೇ ಬರೆಯಿರಿ, ಸೋಮವಾರ ಬೆಳಿಗ್ಗೆ ಒಟ್ಟಿಗೆ ಹೋಗೋಣ.

ಜೋಯಿಡಾ ದಾರಿ

ಮನವಿ ಬರೆಯಲು ಶುರು ಮಾಡಿದ್ದೇವೆ. ಮೇಷ್ಟ್ರೇ, ಬರೆದು ಮುಗಿಸಿ ಇಲ್ಲಿ ಹಾಕುತ್ತೇನೆ, ನೀವು ಒಮ್ಮೆ ತಿದ್ದಿ ಕೊಡಿ.